ಪಶ್ಚಿಮ ಥ್ರೇಸ್: ಒಂದೇ ಊರಿಗೆ ಇಬ್ಬರು ಮುಫ್ತಿಗಳು ಏಕೆ?

ಗ್ರೀಸ್ ದೇಶದ ಈಶಾನ್ಯ ಮೂಲೆಯ ಪಶ್ಚಿಮ ಥ್ರೇಸ್‌ನಲ್ಲಿರುವ ಕೊಮೊಟಿನಿಯಲ್ಲೂ ಕ್ಸಾಂಥಿಯಲ್ಲೂ ಇಬ್ಬಿಬ್ಬರು ಮುಫ್ತಿಗಳು, ಅಂದರೆ ಮುಸ್ಲಿಂ ಧರ್ಮಗುರುಗಳು, ಇದ್ದಾರೆ. ಒಬ್ಬರನ್ನು ಸರ್ಕಾರ ನೇಮಿಸಿದೆ, ಇನ್ನೊಬ್ಬರನ್ನು ಜನ ಆರಿಸಿಕೊಂಡಿದ್ದಾರೆ.

ಇದರ ಹಿನ್ನೆಲೆ ಹಳೆಯದು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಧರ್ಮದ ಆಧಾರದಲ್ಲಿ ಜನರನ್ನು ಅದಲುಬದಲು ಮಾಡಿಕೊಂಡವು. ಸುಮಾರು 12 ಲಕ್ಷ ಕ್ರೈಸ್ತರು, 4 ಲಕ್ಷದಷ್ಟು ಮುಸ್ಲಿಮರು ಮನೆಮಠ ಕಳೆದುಕೊಂಡರು. ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೂ ಇಸ್ತಾಂಬುಲ್‌ನ ಗ್ರೀಕರಿಗೂ ವಿನಾಯಿತಿ ಸಿಕ್ಕಿತು. ಹೀಗೆ ಉಳಿದವರ ಹಕ್ಕುಗಳು ಅದೇ ವರ್ಷದ ಲೌಸಾನ್ ಒಪ್ಪಂದದಲ್ಲಿ ಸೇರಿದವು.

ಇಂದು ಪಶ್ಚಿಮ ಥ್ರೇಸ್‌ನ ಮುಸ್ಲಿಮರ ಸಂಖ್ಯೆ ಸುಮಾರು ಒಂದು ಲಕ್ಷದಿಂದ 1.2 ಲಕ್ಷ. ಗ್ರೀಕ್ ಸರ್ಕಾರದ ಅಂದಾಜಿನಂತೆ ಅರ್ಧದಷ್ಟು ಜನ ತುರ್ಕಿ ಮೂಲದವರು. ಶೇ. 35ರಷ್ಟು ಮಂದಿ ರೊಡೋಪಿ ಬೆಟ್ಟಸಾಲಿನಲ್ಲಿ ಸ್ಲಾವಿಕ್ ಭಾಷೆಯಾಡುವ ಪೊಮಾಕರು, ಉಳಿದವರು ರೋಮಾ ಜನ. ಸರ್ಕಾರ ಈ ಎಲ್ಲರನ್ನೂ ಧಾರ್ಮಿಕ ಅಲ್ಪಸಂಖ್ಯಾತರೆಂದಷ್ಟೇ ಒಪ್ಪುತ್ತದೆ. ತಮ್ಮನ್ನು ತುರ್ಕಿಗಳೆಂದು ಕರೆದುಕೊಳ್ಳುವ ಬಹುಪಾಲು ಜನರಿಗೆ ಇದು ನೋವಿನ ವಿಷಯ. ಗ್ರೀಕ್ ಮೂಲದವರಲ್ಲದವರು ದೇಶ ಬಿಟ್ಟು ಹೋದರೆ ಪೌರತ್ವ ಕಿತ್ತುಕೊಳ್ಳುವ ವಿಧಿಯೊಂದು 1998ರವರೆಗೂ ಜಾರಿಯಲ್ಲಿತ್ತು. ಅದಕ್ಕೆ ಸಿಕ್ಕವರು ಸುಮಾರು 60,000 ಮಂದಿ.

ಮುಫ್ತಿ ಇಲ್ಲಿ ಧರ್ಮಗುರು ಮಾತ್ರವಲ್ಲ. ಮದುವೆ, ತಲಾಖ್, ವಾರಸಿಕೆಯ ವ್ಯಾಜ್ಯಗಳಲ್ಲಿ ಷರೀಯತ್ ಪ್ರಕಾರ ತೀರ್ಪು ಕೊಡುವ ನ್ಯಾಯಾಧೀಶರೂ ಹೌದು. ನ್ಯಾಯಾಧೀಶರನ್ನು ಜನ ಆರಿಸುವಂತಿಲ್ಲ, ಹಾಗಾಗಿ ನೇಮಕ ನಮ್ಮದು ಎಂಬುದು ಸರ್ಕಾರದ ವಾದ. ಮುಫ್ತಿಗಳನ್ನು ಮುಸ್ಲಿಮರೇ ಆರಿಸಬೇಕೆಂದು 1913ರ ಅಥೆನ್ಸ್ ಒಪ್ಪಂದ ಹೇಳಿತ್ತಲ್ಲ ಎಂಬುದು ಜನರ ವಾದ.

1990ರಲ್ಲಿ ಈ ಜಗಳ ಬೀದಿಗೆ ಬಂತು. ನಮಾಜಿನ ಬಳಿಕ ಮಸೀದಿಗಳಲ್ಲಿ ಜನ ಕೈ ಎತ್ತಿ ಕ್ಸಾಂಥಿಗೆ ಮೆಹ್ಮೆತ್ ಎಮಿನ್ ಆಗಾ ಅವರನ್ನೂ ಕೊಮೊಟಿನಿಗೆ ಇಬ್ರಾಹಿಂ ಷರೀಫ್ ಅವರನ್ನೂ ಆರಿಸಿದರು. ಸರ್ಕಾರ ಚುನಾವಣೆಯ ಅವಕಾಶವನ್ನೇ ರದ್ದುಪಡಿಸಿತು. ಮುಫ್ತಿಯಂತೆ ನಡೆದುಕೊಂಡದ್ದಕ್ಕೆ ಷರೀಫ್ ಅವರಿಗೆ ಶಿಕ್ಷೆಯಾಯಿತು. 1999ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ಶಿಕ್ಷೆಯನ್ನು ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು. ಒಂದು ಸಮುದಾಯ ಒಬ್ಬನೇ ನಾಯಕನಡಿ ಒಗ್ಗಟ್ಟಾಗಿರುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸವಲ್ಲ ಎಂಬುದು ಆ ತೀರ್ಪಿನ ತಿರುಳು.

ಆದರೆ ಮುಫ್ತಿಯ ಕುರ್ಚಿಯ ಅಧಿಕಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಕೊಮೊಟಿನಿಯ ಒಬ್ಬರು 2008ರಲ್ಲಿ ತೀರಿಕೊಂಡರು. ನೋಟರಿ ಮುಂದೆ ಉಯಿಲು ಬರೆದು ಆಸ್ತಿಯನ್ನೆಲ್ಲ ಹೆಂಡತಿಗೆ ಬಿಟ್ಟಿದ್ದರು. ಷರೀಯತ್ ಪ್ರಕಾರ ಉಯಿಲು ಸಲ್ಲದೆಂದು ಅವರ ಅಕ್ಕತಂಗಿಯರು ಕೋರ್ಟಿಗೆ ಹೋದರು. ಗ್ರೀಸ್‌ನ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ವಿಧವೆಗೆ ಆಸ್ತಿಯ ಮುಕ್ಕಾಲು ಪಾಲು ಕೈತಪ್ಪಿತು. 2018ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಇದು ತಾರತಮ್ಯ ಎಂದಿತು. ಆ ವೇಳೆಗಾಗಲೇ, ಅದೇ ವರ್ಷದ ಜನವರಿಯಲ್ಲಿ, ಎರಡೂ ಕಡೆಯವರು ಒಪ್ಪಿದರೆ ಮಾತ್ರ ಮುಫ್ತಿಯ ಬಳಿ ವ್ಯಾಜ್ಯ ಎಂದು ಗ್ರೀಸ್ ಕಾನೂನು ಬದಲಿಸಿತ್ತು.

ನನಗೆ ತೋರುವುದು ಇಷ್ಟು: ತೀರ್ಪು ಕೊಡುವ ಕೆಲಸವನ್ನು ಪೂರ್ತಿಯಾಗಿ ಕೋರ್ಟಿಗೆ ಬಿಟ್ಟರೆ ಆ ವಿಧವೆಯಂಥವರಿಗೂ ರಕ್ಷಣೆ, ಮುಫ್ತಿಯನ್ನು ತಾವೇ ಆರಿಸಲು ಜಮಾತಿಗೂ ದಾರಿ. ಆದರೆ ಗ್ರೀಸ್‌ನ 2022ರ ಕಾನೂನು ಮುಫ್ತಿ ನೇಮಕಕ್ಕೆ ಆಯ್ಕೆ ಸಮಿತಿ ತಂದಿತೇ ಹೊರತು ಚುನಾವಣೆಯನ್ನು ಕೊಡಲಿಲ್ಲ. ಆ ವರ್ಷವೇ ಕ್ಸಾಂಥಿಯ ಚುನಾಯಿತ ಮುಫ್ತಿ ಅಹ್ಮೆತ್ ಮೆತೆ ತೀರಿಕೊಂಡಾಗ ಜನ ಮತ್ತೆ ಮಸೀದಿಗಳಲ್ಲಿ ಸೇರಿ ಮುಸ್ತಫಾ ತ್ರಾಂಪಾ ಅವರನ್ನು ಆರಿಸಿಕೊಂಡರು.