ಇಳಿಜಾರು ಹೊಲಕ್ಕೆ ಪಿಸಿ ಡ್ರಿಪ್ಪರ್ ಬೇಕಾ?

2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಮುನಿರಾಬಾದ್ ಸುತ್ತಲಿನವರೆಲ್ಲ ನಿದ್ದೆಗೆಟ್ಟೆವು. ಹೊಲದಲ್ಲಿರೋ ಬೆರಳತುದಿಯಷ್ಟು ಗೇಟನ್ನು ಮಾತ್ರ ಯಾರೂ ನೋಡೋದಿಲ್ಲ. ಡ್ರಿಪ್ಪರ್ ಬಗ್ಗೆ ಹೇಳ್ತಿದ್ದೀನಿ.

ಕುಷ್ಟಗಿ, ಯಲಬುರ್ಗಾ ಕಡೆ ಇಳಿಜಾರಿನಲ್ಲಿ ದಾಳಿಂಬೆ ಹಚ್ಚಿದವರು ಕೇಳ್ರಿ. ಹೊಲ 10 ಮೀಟರ್ ತಗ್ಗಿದರೆ ಪೈಪಿನ ಪ್ರೆಶರ್ ಸುಮಾರು 1 ಕೆಜಿ ಏರುತ್ತದೆ. ಮೇಲೆ 1 ಕೆಜಿ, ಕೆಳಗೆ 2 ಕೆಜಿ ಇದ್ದರೆ, ಸಾದಾ ಡ್ರಿಪ್ಪರ್ ಮೇಲೆ ತಾಸಿಗೆ 4 ಲೀಟರ್ ಕೊಟ್ಟು ಕೆಳಗೆ ಐದೂವರೆ ಸುರಿಯುತ್ತದೆ. ಮೇಲಿನ ಗಿಡ ಬಾಡಿತು ಅಂತ ಒಮ್ಮೆಲೇ ಹೆಚ್ಚು ನೀರು ಬಿಟ್ಟರೆ ಅಲ್ಲಿ ಹಣ್ಣು ಸೀಳುತ್ತದೆ, ಕೆಳಗೆ ಬೇರು ಕೊಳೆಯುತ್ತದೆ.

ಪಿಸಿ ಡ್ರಿಪ್ಪರಿನೊಳಗೆ ತೆಳು ಸಿಲಿಕಾನ್ ರಬ್ಬರ್ ಬಿಲ್ಲೆ ಇರುತ್ತದೆ. ಪ್ರೆಶರ್ ಏರಿದಷ್ಟೂ ಅದು ಒತ್ತಿಕೊಂಡು ನೀರಿನ ದಾರಿ ಕಿರಿದು ಮಾಡುತ್ತದೆ. ಸಾಮಾನ್ಯವಾಗಿ 1ರಿಂದ 4 ಕೆಜಿವರೆಗೂ ನೀರು ಒಂದೇ ಸಮ. ಮಟ್ಟಸ ಹೊಲ, ಗಿಡ್ಡ ಸಾಲು ಇದ್ದವರಿಗೆ ಮಾತ್ರ ಈ ಖರ್ಚು ದಂಡ.

ಪರೀಕ್ಷೆ ಸುಲಭ. ಮೊದಲ ಮತ್ತು ಕೊನೆಯ ಡ್ರಿಪ್ಪರ್ ಕೆಳಗೆ ಸಣ್ಣ ಗುಂಡಿ ತೋಡಿ ಲೀಟರ್ ಬಾಟಲಿ ಇಡ್ರಿ, ಮೊಬೈಲಿನಲ್ಲಿ 15 ನಿಮಿಷದ ಟೈಮರ್ ಹಚ್ರಿ. 4 ಲೀಟರಿನ ಡ್ರಿಪ್ಪರ್ ಬಾಟಲಿ ತುಂಬಿಸಬೇಕು. ತುಂಬದಿದ್ದರೆ ಫಿಲ್ಟರ್ ತೊಳೆದು, ಲ್ಯಾಟರಲ್ ತುದಿ ಬಿಚ್ಚಿ ಕೆಸರು ಹೊರಬಿಡ್ರಿ. ಉಪ್ಪು ಕಟ್ಟಿದೆ ಅಂತ ಪಿನ್ನು ಮಾತ್ರ ಚುಚ್ಚಬೇಡ್ರಿ. ಬಿಲ್ಲೆ ಹರಿದರೆ ಡ್ರಿಪ್ಪರನ್ನೇ ಬದಲಿಸಬೇಕಾಗುತ್ತದೆ.