ದ್ಯೂತಗೃಹದ ಬಿಲ್ಲೆಗಳು

ಅಂಚೆಯ ಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರನ್ನು ನಮ್ಮ ವಾಚಕರು ಕಂಡೇ ಇರುವರು. ಅಮೆರಿಕದಲ್ಲಿ ಕ್ಯಾಸಿನೋ ಎನಿಸಿಕೊಳ್ಳುವ ದ್ಯೂತಗೃಹಗಳ ಬಿಲ್ಲೆಗಳನ್ನು ಕೂಡಿಡುವವರೂ ಉಂಟು. 1988ರಲ್ಲಿ ಅವರು ತಮ್ಮದೇ ಒಂದು ಸಂಘವನ್ನೂ ಕಟ್ಟಿಕೊಂಡರು. ಜೂಜಿನ ಮಾತು ಗೃಹಸ್ಥರಿಗೇಕೆಂದು ಯಾರೂ ಹುಬ್ಬು ಗಂಟಿಕ್ಕಬೇಕಾಗಿಲ್ಲ. ಬಿಲ್ಲೆಯನ್ನು ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟವನು ಅದನ್ನು ಪಣಕ್ಕೆ ಒಡ್ಡಲಿಲ್ಲವಷ್ಟೆ.

ನೆವಾಡ ಸಂಸ್ಥಾನವು 1931ರಲ್ಲಿ ಜೂಜನ್ನು ಶಾಸನಬದ್ಧವಾಗಿ ಅಂಗೀಕರಿಸಿತು. ಅಲ್ಲಿನ ಲಾಸ್ ವೇಗಸ್ ನಗರವೇ ಈ ಹವ್ಯಾಸಕ್ಕೆ ತವರು. ಧರ್ಮರಾಯನು ರಾಜ್ಯವನ್ನೇ ನೇರವಾಗಿ ಒಡ್ಡಿದನು. ಇಲ್ಲಿ ಹಣವನ್ನು ಮೊದಲು ಬಿಲ್ಲೆಯನ್ನಾಗಿ ಮಾರ್ಪಡಿಸಿಕೊಂಡು ಒಡ್ಡುವರು. ಬಿಲ್ಲೆಯು ಸುಮಾರು ಒಂದೂವರೆ ಅಂಗುಲದಗಲ, ಹತ್ತು ಗ್ರಾಮಿನಷ್ಟು ತೂಕ. ಸಾಮಾನ್ಯವಾಗಿ ಐದು ಡಾಲರಿನದು ಕೆಂಪು, ಇಪ್ಪತ್ತೈದರದು ಹಸುರು, ನೂರರದು ಕಪ್ಪು. ಆದರೆ ಅದು ಹಣವಲ್ಲ. ನೆವಾಡದ ನಿಯಮದಂತೆ ಅದು ಗೃಹದ ಸ್ವತ್ತಾಗಿಯೇ ಉಳಿದು, ಗೃಹವು ತೀರಿಸಬೇಕಾದ ಸಾಲಕ್ಕೆ ಕುರುಹಾಗಿ ಮಾತ್ರ ಇರುತ್ತದೆ.

ಈ ಮಾತನ್ನು ಹಿಂದೆಗೆದುಕೊಳ್ಳುವುದೂ ಉಂಟು. 2010ರ ಡಿಸೆಂಬರಿನಲ್ಲಿ ಒಬ್ಬ ಕಳ್ಳನು ಬೆಲ್ಲಾಜಿಯೋ ಎಂಬ ಗೃಹದಿಂದ ಸುಮಾರು 15 ಲಕ್ಷ ಡಾಲರಿನ ಬಿಲ್ಲೆಗಳನ್ನು ದೋಚಿ ಮೋಟಾರು ಬೈಸಿಕಲ್ಲಿನಲ್ಲಿ ಪರಾರಿಯಾದನು. ಗೃಹದವರು ತಮ್ಮ 25,000 ಡಾಲರಿನ ಬಿಲ್ಲೆಗಳು 2011ರ ಏಪ್ರಿಲ್ ತರುವಾಯ ಸಲ್ಲವೆಂದು ಪ್ರಕಟಿಸಿಬಿಟ್ಟರು. ಕಳ್ಳನೂ ಅಷ್ಟರೊಳಗೆ ಸೆರೆಸಿಕ್ಕಿದ್ದನು!

ಮುಖಬೆಲೆ ಸತ್ತ ಬಳಿಕವೇ ಸಂಗ್ರಾಹಕನ ಬೆಲೆ ಹುಟ್ಟುವುದು. ಗೃಹವು ಮುಚ್ಚಿದಾಗ ಬಿಲ್ಲೆಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆದು ನಾಶಮಾಡಬೇಕೆಂಬುದು ನಿಯಮ. 1993ರಲ್ಲಿ ಡ್ಯೂನ್ಸ್, 1996ರಲ್ಲಿ ಸ್ಯಾಂಡ್ಸ್ ಎಂಬ ಹೆಸರುವಾಸಿಯಾದ ಗೃಹಗಳನ್ನು ಸಿಡಿಮದ್ದಿನಿಂದ ಕೆಡವಿದರು. ಹೀಗೆ ಅಳಿದ ಗೃಹಗಳ ಬಿಲ್ಲೆಗಳಲ್ಲಿ, ಯಾರೋ ಮರೆತು ಜೇಬಿನಲ್ಲಿ ಒಯ್ದವು ಮಾತ್ರ ಉಳಿಯುವುವು. ಒಂದು ಡಾಲರಿನ ಬಿಲ್ಲೆ ನೂರರದಕ್ಕಿಂತ ಹೆಚ್ಚು ಬೆಲೆಗೆ ಹೋಗುವುದೂ ಉಂಟು. ಎಷ್ಟು ಉಳಿದಿವೆ, ಅಂಚು ಸವೆಯದೆ ಇದೆಯೆ ಎಂಬುದೇ ಮುಖ್ಯ. ಯಾವುದಾದರೂ ಹಳೆಯ ಮನೆಯ ಅಟ್ಟದಿಂದ ಒಂದು ಪೆಟ್ಟಿಗೆ ಇಳಿದುಬಂದರೆ ಬೆಲೆಯೂ ಅದರೊಡನೆ ಇಳಿಯುವುದು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮಿಗಿಲಾದುದು ಮೂಲಾಂ ರೂಜ್ ಎಂಬ ಗೃಹದ ಬಿಲ್ಲೆ. ಆ ಕಾಲದಲ್ಲಿ ಕಪ್ಪುವರ್ಣದ ಗಾಯಕರು ನಗರದ ದೊಡ್ಡ ಹೋಟೆಲುಗಳಲ್ಲಿ ಹಾಡಬಹುದಾಗಿತ್ತು, ಅಲ್ಲಿಯೇ ತಂಗುವಂತಿರಲಿಲ್ಲ. ಸ್ಯಾಮಿ ಡೇವಿಸ್ ಜೂನಿಯರನಂಥ ಕಲಾವಿದನೂ ಆಟ ಮುಗಿಸಿ ಊರಿನ ಪಶ್ಚಿಮದ ಕೇರಿಗೆ ಹೋಗಿ ಮಲಗಬೇಕಾಗಿತ್ತು. 1955ರ ಮೇ ತಿಂಗಳಲ್ಲಿ ತೆರೆದ ಮೂಲಾಂ ರೂಜಿನಲ್ಲಿ ಕಪ್ಪುವರ್ಣದವರೂ ಬಿಳಿಯರೂ ಒಂದೇ ಮೇಜಿಗೆ ಕುಳಿತರು. ಮುಷ್ಟಿಯುದ್ಧದ ಹೆಸರಾಂತ ಜೋ ಲೂಯಿಯು ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳುತ್ತಿದ್ದನು. ಆರು ತಿಂಗಳಾಗುವಷ್ಟರಲ್ಲಿ ಗೃಹವು ಮುಚ್ಚಿತು. ಆದರೆ 1960ರ ಮಾರ್ಚಿಯಲ್ಲಿ ನಗರದ ದೊಡ್ಡ ಗೃಹಗಳು ಕಪ್ಪುವರ್ಣದವರಿಗೂ ಬಾಗಿಲು ತೆರೆಯಬೇಕೆಂಬ ಒಪ್ಪಂದವಾದುದು ಅದೇ ಕಟ್ಟಡದಲ್ಲಿ. 2003ರಲ್ಲಿ ಅದಕ್ಕೆ ಬೆಂಕಿ ಬಿದ್ದಿತು. ಆ ಒಂದೇ ಮೇಜಿನ ಮೇಲೆ ಕೈಯಿಂದ ಕೈಗೆ ಸಾಗಿದ ವಸ್ತುವು ಈಗ ಸಂಗ್ರಾಹಕರ ಪೆಟ್ಟಿಗೆಯಲ್ಲಿದೆ.

ಕೊಳ್ಳಬಯಸುವವರು ಒಂದನ್ನು ಗಮನಿಸತಕ್ಕದ್ದು. ಹಳೆಯ ಗೃಹಗಳ ಹೆಸರನ್ನು ಒತ್ತಿ, ಯಾವ ಮೇಜಿನ ಮೇಲೂ ಆಡದ ಬಿಲ್ಲೆಗಳನ್ನು ಹೊಸದಾಗಿ ಮಾಡಿ ಮಾರುವವರುಂಟು. ಪ್ರತಿಯೊಬ್ಬ ತಯಾರಕನ ಅಚ್ಚಿಗೂ ತನ್ನದೇ ಗುರುತಿರುವುದು. ಪಾಲ್ಸನ್ ಕಂಪೆನಿಯ ಬಿಲ್ಲೆಯ ಅಂಚಿನ ಸುತ್ತಲೂ ಟೋಪಿ ಮತ್ತು ಬೆತ್ತದ ಚಿತ್ರಗಳಿರುತ್ತವೆ. ಗೃಹವು ಮುಚ್ಚಿದ ವರ್ಷಕ್ಕಿಂತ ಅಚ್ಚು ಈಚಿನದಾಗಿದ್ದರೆ, ಬಿಲ್ಲೆ ಎಷ್ಟೇ ಅಂದವಾಗಿರಲಿ, ಕೆಳಗಿಡುವುದು ಲೇಸು.