ಸರ್ಕಾರಿ ಅಭಿಯೋಜಕರಿಗೆ ಮೇಲಧಿಕಾರಿ ಯಾರು?

ಅಪರಾಧವನ್ನು ಪೊಲೀಸರು ತನಿಖೆ ಮಾಡುತ್ತಾರೆ. ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ಇವರಿಬ್ಬರ ನಡುವೆ ನಿಂತು ಮೊಕದ್ದಮೆ ನಡೆಸುವವರು ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಸರ್ಕಾರಿ ಅಭಿಯೋಜಕರು. ಹೇಗಾದರೂ ಶಿಕ್ಷೆ ಕೊಡಿಸುವುದು ಅವರ ಕೆಲಸವಲ್ಲ; ಸತ್ಯವನ್ನು ನ್ಯಾಯಾಲಯದ ಮುಂದಿಡುವುದು ಅವರ ಕರ್ತವ್ಯ. ಆದರೆ ಅವರ ಮೇಲಧಿಕಾರಿ ಯಾರಾಗಿರಬೇಕು ಎಂಬ ಪ್ರಶ್ನೆ ಭಾರತದಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ.

ಬ್ರಿಟಿಷರ ಕಾಲದ 1898ರ ದಂಡ ಪ್ರಕ್ರಿಯಾ ಸಂಹಿತೆಯಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಪೊಲೀಸ್ ಅಧಿಕಾರಿಗಳೇ ಮೊಕದ್ದಮೆ ನಡೆಸುತ್ತಿದ್ದುದುಂಟು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆ, ಸಾಮಾನ್ಯವಾಗಿ ಪೊಲೀಸ್ ಅಧಿಕಾರಿ ಸಹಾಯಕ ಅಭಿಯೋಜಕರಾಗುವಂತಿಲ್ಲ ಎಂದಿತು. ಆದರೂ ಮಹಾರಾಷ್ಟ್ರದಲ್ಲಿ ಅವರು ಪೊಲೀಸ್ ಇಲಾಖೆಯ ಹಿಡಿತದಲ್ಲೇ ಉಳಿದರು. ಅವರಿಗೆ ಪ್ರತ್ಯೇಕ ಇಲಾಖೆ ಇರಬೇಕು, ಅದರ ಮುಖ್ಯಸ್ಥರು ನೇರವಾಗಿ ಸರ್ಕಾರಕ್ಕೆ ಉತ್ತರ ಕೊಡಬೇಕು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ಪೊಲೀಸರ ಹಿಡಿತ ತಪ್ಪಿದರೆ ಸಾಕೆ? ಸರ್ಕಾರವೇ ಒತ್ತಡ ಹೇರಿದರೆ? ಇದಕ್ಕೆ ಉತ್ತರ ಸಿಕ್ಕಿದ್ದು ಕರ್ನಾಟಕದ ಪ್ರಕರಣವೊಂದರಲ್ಲಿ. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ವರನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವನ ಬೇಡಿಕೆಗೆ ಮಣಿದ ಸರ್ಕಾರ, ಅವನ ಸಹಚರರೆನ್ನಲಾದವರ ಮೇಲಿದ್ದ ಟಾಡಾ ಆರೋಪಗಳನ್ನು ಕೈಬಿಡಲು ನಿರ್ಧರಿಸಿತು. ವಿಶೇಷ ಅಭಿಯೋಜಕರು ಅರ್ಜಿ ಸಲ್ಲಿಸಿದರು. ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿತು. ವೀರಪ್ಪನ್ ತಂಡಕ್ಕೆ ಬಲಿಯಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿನ ಮೊರೆಹೋದರು. ನವೆಂಬರ್‌ನಲ್ಲಿ ಆ ಆದೇಶ ರದ್ದಾಯಿತು. ಮೊಕದ್ದಮೆ ಹಿಂಪಡೆಯುವ ಮುನ್ನ ಅಭಿಯೋಜಕರು ಸಾಕ್ಷ್ಯಗಳನ್ನು ನೋಡಿ, ಸಾರ್ವಜನಿಕ ಹಿತವನ್ನು ಸ್ವಂತ ಬುದ್ಧಿಯಿಂದ ತೂಗಿ ತೀರ್ಮಾನಿಸಬೇಕು; ಸರ್ಕಾರ ಹೇಳಿತೆಂದು ಸಹಿ ಹಾಕುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಹೀಗೆ ಸ್ವಂತ ತೀರ್ಮಾನ ಕೈಗೊಳ್ಳುವ ಅಭಿಯೋಜಕರಿಗೆ ಬೆಂಬಲವಾಗಿ ನಿಲ್ಲುವ ಮೇಲಧಿಕಾರಿ ಬೇಕು. 2005ರ ತಿದ್ದುಪಡಿ ರಾಜ್ಯಗಳಲ್ಲಿ ಅಭಿಯೋಜನಾ ನಿರ್ದೇಶನಾಲಯ ಸ್ಥಾಪಿಸಲು ಅವಕಾಶ ಕೊಟ್ಟಿತು. ನಿರ್ದೇಶಕರಿಗೆ ಕನಿಷ್ಠ 10 ವರ್ಷಗಳ ವಕೀಲಿ ಅನುಭವ ಇರಬೇಕಿತ್ತು; ಅವರ ನೇಮಕಕ್ಕೆ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಸಹಮತವೂ ಬೇಕಿತ್ತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಹುದ್ದೆಗೆ ಹೊಸ ರೂಪ ಕೊಟ್ಟಿದೆ. ಅನುಭವದ ಮಿತಿ 15 ವರ್ಷಕ್ಕೇರಿದೆ. ಸೆಷನ್ಸ್ ನ್ಯಾಯಾಧೀಶರೂ ನಿರ್ದೇಶಕರಾಗಬಹುದು. 10 ವರ್ಷ ಅಥವಾ ಹೆಚ್ಚಿನ ಸಜೆ, ಜೀವಾವಧಿ, ಮರಣದಂಡನೆ ವಿಧಿಸಬಹುದಾದ ಪ್ರಕರಣಗಳ ಮೇಲ್ವಿಚಾರಣೆ ಅವರದು. ಮೇಲ್ಮನವಿ ಸಲ್ಲಿಸುವ ಬಗ್ಗೆ ಅಭಿಪ್ರಾಯ ಕೊಡುವವರೂ ಅವರೇ. 7ರಿಂದ 10 ವರ್ಷದೊಳಗಿನ ಸಜೆಯ ಪ್ರಕರಣಗಳನ್ನು ಉಪ ನಿರ್ದೇಶಕರೂ, ಅದಕ್ಕಿಂತ ಕಡಿಮೆಯವನ್ನು ಸಹಾಯಕ ನಿರ್ದೇಶಕರೂ ನೋಡಿಕೊಳ್ಳುತ್ತಾರೆ. ಮೊಕದ್ದಮೆ ಹಿಂಪಡೆಯಲು ಒಪ್ಪುವ ಮುನ್ನ ನ್ಯಾಯಾಲಯ ಸಂತ್ರಸ್ತರಿಗೆ ಮಾತನಾಡಲು ಅವಕಾಶ ಕೊಡಲೇಬೇಕು. 2000ದಲ್ಲಿ ಮಗನನ್ನು ಕಳೆದುಕೊಂಡ ತಂದೆ ದೆಹಲಿಯ ಬಾಗಿಲು ತಟ್ಟಬೇಕಾಗಿ ಬಂದುದನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ.

ಆದರೆ ಮುಖ್ಯ ನ್ಯಾಯಮೂರ್ತಿಗಳ ಸಹಮತದ ಷರತ್ತು ಹೊಸ ಕಾನೂನಿನಲ್ಲಿಲ್ಲ. ನಿರ್ದೇಶಕರು ಇರುವುದು ಗೃಹ ಇಲಾಖೆಯ ಆಡಳಿತ ನಿಯಂತ್ರಣದಲ್ಲಿ. ಪೊಲೀಸರೂ ಅದೇ ಇಲಾಖೆಗೆ ಸೇರಿದವರು. ಹುದ್ದೆಯ ಅಧಿಕಾರ ಹೆಚ್ಚಿದೆ, ನೇಮಕದಲ್ಲಿ ನ್ಯಾಯಾಂಗದ ಕಾವಲು ಇಲ್ಲವಾಗಿದೆ. ಇನ್ನೊಂದು ಸಂಕಟದ ದಿನ ಬಂದಾಗ ಅಭಿಯೋಜಕರು ‘ಆಗದು’ ಎನ್ನಬಲ್ಲರೇ ಎಂಬುದು ಬಹುಪಾಲು ಆ ಹುದ್ದೆಯಲ್ಲಿ ಕುಳಿತವರನ್ನೇ ಅವಲಂಬಿಸಿರುತ್ತದೆ.